ಮೂಲೆ ಕತ್ತರಿಸಿದ ರೆಕಾರ್ಡು

"ನನ್ ಸೊಸೆ ಹಾಡ್ತಾಳೆ. ಇಂಗ್ಲಿಷ್ ಹಾಡು!" ಎಂದು ಜವರಮ್ಮ ಸೋಫಾದಿಂದಲೇ ಘೋಷಿಸಿದಾಗ ಸುಧಾಮಣಿ ಬಿಸಿಬೇಳೆಬಾತಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಯಿಂದ ಬರುತ್ತಿದ್ದಳು. ಅತ್ತೆ ಮದ್ದೂರಿನಿಂದ ಬಂದು ವಾರವಾಗಿತ್ತು. ಅವರನ್ನು ನೋಡಲೆಂದೇ ಅಮೆರಿಕದ ಪ್ಲೇನ್ಸ್‌ಬರೋದ ಆ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ನಾಲ್ಕು ಸಂಸಾರ ನೆರೆದಿದ್ದವು.

"ಏನ್ರೀ ಸುಧಾ, ಇಷ್ಟು ವರ್ಷ ಸೀಕ್ರೆಟ್ ಆಗಿ ಇಟ್ಕೊಂಡಿದ್ರಾ?" ಎಂದಳು ಫೋರ್ಟ್ ಲೀಯಿಂದ ಬಂದಿದ್ದ ರಾಜಿ.

ಸುಧಾಮಣಿಗೆ ತಲೆಬುಡ ತಿಳಿಯಲಿಲ್ಲ. ಹಾಡುವುದಿರಲಿ, ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಅನ್ನುವ ಪೈಕಿ ಅವಳು.

"ಕ್ಯಾಸೆಟ್ಟಲ್ಲಿ ಹಾಡಿ ಕಳ್ಸಿದ್ಲು ಕಣವ್ವ," ಎಂದು ಜವರಮ್ಮ ರಾಜಿಯ ಕಡೆ ತಿರುಗಿದರು. "ಆಡಿದ್ದು ಎಲ್ಡೇ ಮಾತು. ಆಮ್ಯಾಕೆ ಬರೀ ಹಾಡೇ! ನಮ್ ಬೀದೀಲಿ ಅದ ಕೇಳ್ದೇ ಇರೋರೇ ಇಲ್ಲ." ಹೇಳಿದ್ದೇ ಮೊಣಕಾಲು ತಟ್ಟಿಕೊಂಡು ಬಾಯಿ ಮುಚ್ಚಿಯೇ ರಾಗ ಗುನುಗತೊಡಗಿದರು.

ಆ ರಾಗ ಸುಧಾಮಣಿಗೆ ಚೆನ್ನಾಗಿ ಗೊತ್ತಿತ್ತು. ಅದು ವರ್ಲೀನ್ ಪಿಕೆಟ್‌ಳದು.

ವರ್ಲೀನ್ ಪಿಕೆಟ್ ಎಂದರೆ ಯಾರು ಅಂತ ಅಮೆರಿಕದವರಿಗೇ ಗೊತ್ತಿರಲಿಲ್ಲ, ಇನ್ನು ಕನ್ನಡದವರ ಮಾತೇಕೆ? ರೂಟ್ ಒನ್ ಹೆದ್ದಾರಿ ಪಕ್ಕದ ಭಾನುವಾರದ ಸಂತೆಯಲ್ಲಿ, ಹಳೆಯ ಟೋಸ್ಟರುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಮೂರು ಆಲ್ಬಮ್ಮುಗಳೂ ಸುಧಾಮಣಿಗೆ ಒಟ್ಟಿಗೇ ಸಿಕ್ಕಿದ್ದವು. ಮಾರಾಟವಾಗದ ರೆಕಾರ್ಡುಗಳ ಕವರಿನ ಮೂಲೆಯನ್ನು ಕಂಪನಿಯವರು ಕತ್ತರಿಸಿ, ಬಂದಷ್ಟು ಬರಲಿ ಎಂದು ಸಾಗಹಾಕುತ್ತಾರೆ. ಮೂರಕ್ಕೂ ಮೂಲೆಯಿರಲಿಲ್ಲ. ಹಳ್ಳಿಗಾಡಿನ ಧಾಟಿಯ ಕಂಟ್ರಿ ಹಾಡುಗಾರ್ತಿ ಅಂದರೂ ಅವಳದು ಮೆರೆಯುವ ಗಂಟಲಲ್ಲ. ಗಿಟಾರೊಂದನ್ನು ಬಿಟ್ಟರೆ ಹಿಮ್ಮೇಳವಿಲ್ಲ. ಪಾತ್ರೆ ಒರೆಸುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಹೆಂಗಸಿನ ದನಿ. ಅದನ್ನು ಕೇಳಿದ ದಿನ ಸುಧಾಮಣಿಗೆ, ಈ ದೇಶದಲ್ಲಿ ತನ್ನ ಹಾಗೆ ಇನ್ನೊಬ್ಬಳಿದ್ದಾಳೆ ಅನ್ನಿಸಿ ಅಳು ಬಂದಿತ್ತು. ಗಂಡ ಚೆಲುವರಾಜು ಮಾತ್ರ, "ದನ ಕಾಯೋರ ಹಾಡು ಮತ್ತೆ ಶುರುವಾಯ್ತಾ?" ಎನ್ನುತ್ತಿದ್ದ.

ಅಡುಗೆ ಮಾಡುವಾಗ ಕೇಳಲೆಂದು ಅವಳು ಅದನ್ನೆಲ್ಲ ಒಂದು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದಳು. ಹೋದ ಚಳಿಗಾಲ ಚೆಲುವರಾಜುವಿಗೆ ತಾಯಿಗೆ ತನ್ನ ದನಿ ಕಳಿಸುವ ಹುಕಿ ಬಂತು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಇದನ್ನೇ ಹಾಕಿ ರೆಕಾರ್ಡ್ ಒತ್ತಿದ. ತನ್ನ ಪುರಾಣ ಮುಗಿಸಿ, "ನೀನೂ ಎರಡು ಮಾತಾಡು" ಎಂದು ಅವಳ ಮುಂದೆ ತಳ್ಳಿದ. ಹಾಡುಗಳು ಹಾಳಾದ ಸಿಟ್ಟಿನಲ್ಲಿ ಅವಳು ಏನೋ ಎರಡು ಮಾತು ಒದರಿ ನಿಲ್ಲಿಸಿದ್ದಳು. ಅವಳು ನಿಲ್ಲಿಸಿದಲ್ಲಿಂದ, ಅಳಿಯದೆ ಉಳಿದ ಟೇಪಿನಲ್ಲಿ, ವರ್ಲೀನ್ ಹಾಡಿದ್ದಳು.

"ಗಂಟಲು ಸರಿಯಿಲ್ಲ," ಎಂದು ಸುಧಾಮಣಿ ನೆರೆದವರ ಮುಂದೆ ಹೇಗೋ ಜಾರಿಕೊಂಡಳು.

ನೆಂಟರೆಲ್ಲ ಹೋದ ಮೇಲೆ ಚೆಲುವರಾಜು ಅಡುಗೆಮನೆಗೆ ಬಂದು ದನಿ ತಗ್ಗಿಸಿದ. "ಹೇಳ್ಬೇಡ ಕಣೆ. ಬಂದಾಗಿಂದ ಅವ್ವ ನಿನ್ನ ತಲೆ ಮೇಲೆ ಹೊತ್ಕೊಂಡಿದಾಳೆ. ಯಾಕ್ ಹಾಳ್ಮಾಡ್ಕೋತೀಯ? ಆ ಹೆಂಗಸೇನು ಬಂದು ಕೇಳ್ತಾಳಾ?"

ಸುಳ್ಳಲ್ಲ. ಮದುವೆಯಾದಾಗಿನಿಂದ ಮುಖ ಗಂಟಿಕ್ಕಿಕೊಂಡೇ ಇದ್ದ ಅತ್ತೆ ಈ ಸಲ ತಾವಾಗಿ ಕರೆದು ಅವಳ ತಲೆಗೆ ಎಣ್ಣೆ ಹಚ್ಚಿದ್ದರು. ತಾಯಿ ಹೋದ ಮೇಲೆ ಅವಳ ತಲೆಗೆ ಇನ್ನೊಬ್ಬರ ಕೈ ತಾಗಿದ್ದೇ ಆವತ್ತು. ಆದರೆ ಆ ಅಕ್ಕರೆ ಯಾರ ಪಾಲಿನದು? ಹುಟ್ಟಿದ ನಾಡಿನಲ್ಲಿ ಕೇಳುವವರಿಲ್ಲದ ವರ್ಲೀನಳನ್ನು ಮದ್ದೂರಿನ ಒಂದು ಬೀದಿ ಮೆಚ್ಚಿದೆ, ಅಲ್ಲೂ ಅವಳ ಹೆಸರಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಸುಧಾಮಣಿಗೆ.

ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ, ಸೀರೆಯ ಸೂಟ್‌ಕೇಸಿನ ಹಿಂದಿದ್ದ ಆ ಹಾಡಿನ ರೆಕಾರ್ಡು ತೆಗೆದಳು. ಜವರಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಕವರನ್ನು ಅವರ ಮಡಿಲಲ್ಲಿಟ್ಟಳು.

"ಅತ್ತೆ, ಹಾಡಿದ್ದು ನಾನಲ್ಲ. ಇವರು, ವರ್ಲೀನ್ ಅಂತ."

ಜವರಮ್ಮ ಕವರಿನ ಮೇಲಿನ ಚಿತ್ರವನ್ನೂ ಸೊಸೆಯನ್ನೂ ನೋಡಿದರು. "ಊರ್ಗೆಲ್ಲ ಹೇಳ್ಬುಟ್ನಲ್ಲವ್ವ," ಎಂದವರು ಮತ್ತೆ ಸೊಪ್ಪಿನ ಕಡೆ ತಿರುಗಿಕೊಂಡರು. ಮುಖ ಸಣ್ಣಗಾಗಿತ್ತು. ಸುಧಾಮಣಿ ರೆಕಾರ್ಡನ್ನು ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿದಳು.

ಗಿಟಾರು ಶುರುವಾಯಿತು. ಸ್ವಲ್ಪ ಕೇಳಿ ಜವರಮ್ಮ, "ಇದಲ್ಲ," ಎಂದರು.

"ಇದೇ ಅತ್ತೆ. ಕ್ಯಾಸೆಟ್ಟಲ್ಲಿ ಇದರ ಶುರುವಿನ ಮೇಲೆ ನಾವು ಮಾತಾಡ್ಬಿಟ್ಟಿದೀವಿ."

ಹಾಡು ನಡುವಿಗೆ ಬಂದಾಗ ಜವರಮ್ಮನ ಕೈ ನಿಂತಿತು. ಮುಗಿಯುವವರೆಗೂ ಅಲುಗಲಿಲ್ಲ.

"ಏನಂತ ಹಾಡ್ತಾಳೆ?"

"ಬೆಳಿಗ್ಗೆ ಎದ್ದು ಎಲ್ಲರಿಗೂ ಬುತ್ತಿ ಕಟ್ಟಿ ಕಳಿಸ್ತಾಳೆ. ಆಮೇಲೆ ಒಬ್ಳೇ ಕೂತ್ಕೊಂಡು ಕಾಫಿ ಕುಡೀತಾಳೆ. ಅಷ್ಟೇ."

"ಅಷ್ಟೇಯಾ!" ಎಂದು ಜವರಮ್ಮ ನಕ್ಕುಬಿಟ್ಟರು. "ಈಗ ಎಲ್ಲವ್ಳೆ ಈ ವರ್ಲಮ್ಮ?"

"ಗೊತ್ತಿಲ್ಲ. ಮೂರು ರೆಕಾರ್ಡ್ ಮಾಡಿದ್ರು, ಆಮೇಲೆ ಸುದ್ದಿಯೇ ಇಲ್ಲ. ಯಾರೂ ಕೊಳ್ಳಲಿಲ್ಲ."

"ಇಂಥೋಳ್ನಾ?" ಜವರಮ್ಮನ ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಕಿವಿ ಇಲ್ವಾ ಇವ್ರ್ಗೆ? ಮೊದ್ಲಿಂದ ಹಾಕು."

ಸುಧಾಮಣಿ ಮತ್ತೆ ಮುಳ್ಳಿಟ್ಟಳು. ಹಾಡು ನಡುವಿಗೆ ಬರುತ್ತಿದ್ದಂತೆ ಜವರಮ್ಮನ ತುಟಿ ಅಲುಗಿತು. ಹಾಡುತ್ತಿದ್ದಾರೆ ಎಂದುಕೊಂಡು ಅವಳು ಹತ್ತಿರ ಬಗ್ಗಿದಳು.

"ಅತ್ತೆ, ಚೆನ್ನಾಗಿದೀರಾ? ಮಾತ್ರೆ ಮರೀಬೇಡಿ. ಚಳಿ ಇದ್ರೆ ಕಿವಿಗೆ ಬಟ್ಟೆ ಕಟ್ಕೊಳ್ಳಿ. ಆಯ್ತು, ಇಡ್ತೀನಿ."

ಅದೇ ಒಣ ದನಿ, ಅದೇ ಅವಸರ. ಕ್ಯಾಸೆಟ್ಟಿನಲ್ಲಿ ತಾನು ಹಾಗೆ ಅಂದಿದ್ದು ಸುಧಾಮಣಿಗೇ ಮರೆತುಹೋಗಿತ್ತು. "ಇಡ್ತೀನಿ" ಎಂದವರೇ ಜವರಮ್ಮ ಒಂದು ಬೆರಳೆತ್ತಿ ಕಾದರು. ಸರಿಯಾಗಿ ಅಲ್ಲಿಂದಲೇ ವರ್ಲೀನಳ ಪರಿಚಿತ ಸಾಲು ಎದ್ದಿತು. ಜವರಮ್ಮ ಕಣ್ಣು ಮುಚ್ಚಿ ದನಿಗೂಡಿಸಿದರು. ಮಡಿಲಿನಲ್ಲಿ ಕೊತ್ತಂಬರಿ ಕಡ್ಡಿಗಳ ನಡುವೆ ಕವರು ಹಾಗೇ ಇತ್ತು, ಅವರ ಹೆಬ್ಬೆರಳು ಕತ್ತರಿಸಿದ ಮೂಲೆಯನ್ನು ಮೆಲ್ಲಗೆ ಸವರುತ್ತಿತ್ತು.