ಮೇಜಿನ ಅಂಚು

ಎರಡು ಸಾವಿರಕ್ಕೆ ಹೋದರೆ ಪುಣ್ಯ ಎಂದುಕೊಂಡಿದ್ದ ಮೇಜಿಗೆ ಒಬ್ಬ ಬಂದು ಮೂವತ್ತು ಸಾವಿರ ಕೊಡುತ್ತೇನೆ ಎಂದರೆ ಏನರ್ಥ? ನನಗೆ ಗೊತ್ತಿರುವುದು ಒಂದೇ ಅರ್ಥ: ಅದು ಮೂರು ಲಕ್ಷದ್ದು. ಇಪ್ಪತ್ತೆರಡು ವರ್ಷದಿಂದ ಹಳೆಯ ಕುರ್ಚಿ, ಮೇಜು, ಬೀರು ಕೊಂಡು ಮಾರುತ್ತಿದ್ದೇನೆ. ಕೊಳ್ಳುವವನೇ ಬೆಲೆ ಏರಿಸಿ ಹೇಳಿದ್ದನ್ನು ಈ ಕಣ್ಣು ಕಂಡಿಲ್ಲ.

ಮೇಜು ನನ್ನ ಅಣ್ಣನದು. ಅಣ್ಣ ದರ್ಜಿ, ಎಂಟು ತಿಂಗಳ ಹಿಂದೆ ತೀರಿಕೊಂಡ. ಅವನು ನಿಂತು ಬಟ್ಟೆ ಕತ್ತರಿಸುತ್ತಿದ್ದುದು ಅದರ ಮೇಲೆಯೇ. ಪಕ್ಕದ ಸ್ಟೂಲಿನಲ್ಲಿ ಅತ್ತಿಗೆ ಮೂವತ್ತು ವರ್ಷ ಕಾಜಾ ಹಾಕಿ, ಗುಂಡಿ ಹೊಲಿದಿದ್ದರು. ಈಗ ಅಂಗಡಿಗೆ ಬೀಗ. ಅತ್ತಿಗೆ ಮನೆಯಲ್ಲಿ ಬರಿಗೈಯಲ್ಲಿ ಕೂತು ಸೊರಗುತ್ತಿದ್ದರು. ಊಟಕ್ಕೆ ತೊಂದರೆಯಿರಲಿಲ್ಲ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದೇ ಅವರ ತೊಂದರೆ.

ಕೊಳ್ಳಲು ಬಂದವನು ಬಾಬಿನ್. ಹೊಲಿಗೆ ಮಿಷನ್ನಿನ ದಾರದ ಬಾಬಿನ್ನಿನ ಹಾಗೆ ಗಿಡ್ಡಗೆ, ಗುಂಡಗೆ ಇದ್ದದ್ದಕ್ಕೆ ಅಣ್ಣ ಇಟ್ಟ ಹೆಸರು. ಹದಿನೈದು ವರ್ಷ ಅಣ್ಣನ ಕೈಕೆಳಗೆ ಕಲಿತು, ಆಮೇಲೆ ಹಿಂದಿನ ಬೀದಿಯಲ್ಲಿ ಸ್ವಂತ ಅಂಗಡಿ ಹಾಕಿದವನು. ಈಗ ಅದನ್ನು ಮುಚ್ಚಿ ಅಣ್ಣನ ಅಂಗಡಿಯನ್ನೇ ನಡೆಸುತ್ತಾನಂತೆ. ಅತ್ತಿಗೆ ತಮ್ಮ ಸ್ಟೂಲಿಗೆ ಮರಳಬೇಕಂತೆ. ಮೇಜಿಗೆ ಮೂವತ್ತು ಸಾವಿರವಂತೆ. ಅತ್ತಿಗೆಯ ಮುಖ ಅರಳಿದ್ದು ನೋಡಿಯೇ ನನಗೆ ಭಯವಾಯಿತು. ಅರಳಿದ ಮುಖದವರಿಗೆ ಮೋಸ ಮಾಡುವುದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟೇ ಸುಲಭ.

"ಹೊಸ ಮೇಜು ಐದು ಸಾವಿರಕ್ಕೆ ಸಿಗುತ್ತಲ್ಲೋ. ಮೂಗಿಗಿಂತ ಮೂಗುತಿ ಭಾರ ಆಗಲಿಲ್ವಾ?" ಎಂದೆ.

"ನಂಗೆ ಇದೇ ಬೇಕು ಅಕ್ಕಾ. ರಿಪೇರಿ ಗಿಪೇರಿ ಏನೂ ಮಾಡಿಸ್ಬೇಡಿ. ಹೇಗಿದೆಯೋ ಹಾಗೇ ಇರಲಿ."

"ಯಾಕೆ? ಒಳಗೇನಾದ್ರೂ ಹುದುಗಿದೆಯಾ?"

ಅವನು ನನ್ನತ್ತ ನೋಡಿದ, ತಕ್ಷಣ ಕಣ್ಣು ತಪ್ಪಿಸಿದ. "ಅದನ್ನ ಹೇಳೋ ಹಾಗಿಲ್ಲ ಅಕ್ಕಾ," ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ, ಅವನ ಮುಖ ಹಾಗಿತ್ತು. ಮೊದಲೇ ಆ ದಿನ ನನ್ನ ತಲೆ ಬಿಸಿಯಾಗಿತ್ತು. ಅಣ್ಣನಿರುವ ತನಕ ನಾನು ಅವನು ಹೊಲಿದದ್ದು ಬಿಟ್ಟು ಬೇರೆ ಅಂಗಿ ತೊಟ್ಟವಳಲ್ಲ. ಅವನು ಹೋದ ಮೇಲೆ ಮೂರು ಕೊಂಡೆ, ಮೂರು ಬೇರೆ ಬೇರೆ ಅಂಗಡಿಯಲ್ಲಿ. ಮೂರೂ ಎಡಗಡೆಗೆ ಜಾರುತ್ತವೆ. ಮೂವರೂ ಕಳ್ಳರು, ಬಟ್ಟೆ ಉಳಿಸಲು ಒಂದು ಕಡೆ ಕಡಿಮೆ ಕತ್ತರಿಸಿರುತ್ತಾರೆ. ಅವತ್ತು ಮೂರನೆಯವನ ಹತ್ತಿರ ಜಗಳವಾಡಿ ನೇರ ಬಂದಿದ್ದೆ.

"ನಾಲ್ಕು ದಿನ ಟೈಮ್ ಕೊಡಿ ಅತ್ತಿಗೆ, ಮೋಸ ಹೋಗೋದು ಬೇಡ," ಎಂದೆ.

"ಅವನು ಅಂಥವನಲ್ವೇ," ಎಂದರು ಅತ್ತಿಗೆ. "ನಿನಗೆ ನಿನ್ನ ನೆರಳ ಮೇಲೂ ಅನುಮಾನ. ಹಾಳಾಗಿ ಹೋಗಲಿ, ಬೇಗ ಮುಗಿಸು. ನಾನು ಆಗಲೇ ಸೂಜಿಗಳನ್ನೆಲ್ಲ ಉಜ್ಜಿ ಇಟ್ಕೊಂಡಿದೀನಿ."

ಮೇಜನ್ನು ನನ್ನ ಗೋದಾಮಿಗೆ ಸಾಗಿಸಿದೆ. ಡ್ರಾಯರ್ ಎಳೆದು ಹಿಂದೆ ಕೈ ಹಾಕಿದೆ. ಕಾಲುಗಳನ್ನು ತಟ್ಟಿ ನೋಡಿದೆ. ಬೋರಲು ಹಾಕಿ ಟಾರ್ಚ್ ಬಿಟ್ಟೆ. ಎರಡು ಗುಂಡಿ, ಒಂದು ಮುರಿದ ಸೂಜಿ, ಅಷ್ಟೇ. ಹಾಗಾದರೆ ಗುಟ್ಟು ಮರದಲ್ಲೇ ಇರಬೇಕು. ಮೂವತ್ತು ವರ್ಷದ ಕೊಳೆಯ ಕೆಳಗೆ ಬೀಟೆಯೋ ತೇಗವೋ ಇದ್ದರೆ ಬಾಬಿನ್ನನ ಲೆಕ್ಕ ಸರಿಹೋಗುತ್ತದೆ. ಮುಂದಿನ ಅಂಚಿನ ಉದ್ದಕ್ಕೂ ಗೀರುಗಳಿದ್ದವು, ಎರಡು ಒಂದು ಕಡೆ, ಮೂರು ಒಂದು ಕಡೆ. ನಮ್ಮ ವ್ಯಾಪಾರದಲ್ಲಿ ಗೀರು ಎಂದರೆ ಗಾಯ, ಒಂದೊಂದು ಗಾಯಕ್ಕೂ ಬೆಲೆ ಇಳಿಯುತ್ತದೆ. ಮಾರುವ ಮುಂಚೆ ಹೆರೆಸಿ ಪಾಲಿಶ್ ಹೊಡೆಸುವುದು ನಾನು ಎಲ್ಲ ಸಾಮಾನಿಗೂ ಮಾಡುವ ಕೆಲಸ. ಬಡಗಿಯನ್ನು ಕರೆಸಿದೆ.

ಅವನು ಕೀಸುಳಿ ಕೈಯಲ್ಲಿ ಹಿಡಿದು ಅಂಚನ್ನೇ ನೋಡುತ್ತಾ ನಿಂತ. "ಇದು ಕತ್ತರಿ ತಾಗಿ ಆದದ್ದಲ್ಲ ಅಕ್ಕಾವ್ರೇ. ಯಾರೋ ಅಳೆದು ಕೊರೆದಿದಾರೆ."

"ನಿನ್ನ ಕೂಲಿ ಹೆರೆಯೋದಕ್ಕೆ, ಓದೋದಕ್ಕಲ್ಲ."

ಅವನು ಹೆರೆದ. ಸಂಜೆಯ ಹೊತ್ತಿಗೆ ಅಂಚು ಕನ್ನಡಿಯಂತಾಯಿತು. ಬೀಟೆಯೂ ಅಲ್ಲ, ತೇಗವೂ ಅಲ್ಲ. ಹಣ್ಣಿನ ಪೆಟ್ಟಿಗೆ ಮಾಡುವ ಅಗ್ಗದ ಮರ. ನನ್ನ ಅನುಮಾನ ಹೋಯಿತೇ? ಇಲ್ಲ, ಹೆಚ್ಚಾಯಿತು. ಏನೇ ಇರಲಿ, ಈಗ ಹೊಳೆಯುತ್ತಿದೆ, ನಲವತ್ತು ಕೇಳೋಣ ಎಂದುಕೊಂಡೆ.

ಮರುದಿನ ಬಾಬಿನ್ ಹಣದ ಲಕೋಟೆಯೊಂದಿಗೆ ಬಂದ, ಜೊತೆಗೆ ಅತ್ತಿಗೆ. ಅವನು ಮೇಜಿನ ಮುಂದೆ ನಿಂತು ಹೆಬ್ಬೆರಳನ್ನು ಅಂಚಿನ ಮೇಲೆ ಎಡದಿಂದ ಬಲಕ್ಕೆ ಎಳೆದ. ಅಣ್ಣನೂ ಹೀಗೇ ಮಾಡುತ್ತಿದ್ದ. ಗಿರಾಕಿ ಬಟ್ಟೆ ಕೊಟ್ಟು ಹೋದ ಕೂಡಲೇ ಅವನ ಹೆಬ್ಬೆರಳು ಅಂಚಿಗೆ ಹೋಗುತ್ತಿತ್ತು. ಚಟ ಎಂದುಕೊಂಡಿದ್ದೆ. ಬಾಬಿನ್ ಕೊನೆ ಮುಟ್ಟಿದ, ಮತ್ತೆ ಮೊದಲಿನಿಂದ ಎಳೆದ. ಆಮೇಲೆ ಗೋದಾಮಿನ ಒಂದು ಸ್ಟೂಲಿನ ಮೇಲೆ ಕುಸಿದು ಕೂತ.

"ಅರವತ್ತೊಂದು ಜನ ಇದ್ರು ಇಲ್ಲಿ," ಎಂದ.

"ಯಾವ ಜನ?"

"ಬೆನ್ನು ಬಾಗಿದವರು, ಒಂದು ಕೈ ಗಿಡ್ಡ ಇರೋರು, ಸೊಂಟ ಓರೆ ಇರೋರು. ಟೇಪಿಗೆ ಸಿಗೋ ಅಳತೆ ಅಲ್ಲ ಅದು ಅಕ್ಕಾ. ಮಾಸ್ಟರು ಕತ್ತರಿಸಿ, ತೊಡಿಸಿ, ಬಿಚ್ಚಿ, ಮತ್ತೆ ಕತ್ತರಿಸಿ ಕಂಡುಕೊಂಡದ್ದು. ಕಾಗದದಲ್ಲಿ ಬರೆದರೆ ಯಾರಾದ್ರೂ ಓದ್ತಾರೆ ಅಂತ ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಅಳೆದು ಗೀರು ಹಾಕೋರು. ಗಿರಾಕಿ ಮೈಯಲ್ಲಿರೋ ಕೊರತೆ ನಮ್ಮ ಬಾಯಿಂದ ಆಚೆ ಬರಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ರು. ಎಷ್ಟೋ ಜನಕ್ಕೆ ತಮ್ಮ ಮೈ ಓರೆ ಅಂತಾನೇ ಗೊತ್ತಿಲ್ಲ."

ಅತ್ತಿಗೆ ಹೊಳೆಯುವ ಅಂಚನ್ನು ಸೆರಗಿನಿಂದ ಒಮ್ಮೆ ಒರೆಸಿದರು, ಏನೋ ಮರಳಿ ಬಂದೀತು ಎನ್ನುವ ಹಾಗೆ. ನನಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಎನಿಸಿತು.

ಬಾಬಿನ್ ಲಕೋಟೆಯನ್ನು ಮೇಜಿನ ಮೇಲಿಟ್ಟ.

"ಈಗ್ಯಾಕೋ ಇದು?" ಎಂದೆ.

"ಕೊಡ್ತೀನಿ ಅಂದಿದ್ನಲ್ಲ," ಎಂದು ಅತ್ತಿಗೆಯತ್ತ ನೋಡಿದ. "ಅಮ್ಮನಿಗೆ ಕೂರೋಕೆ ಜಾಗ ಬೇಕು. ಬಂದವರಿಗೆ ಮತ್ತೆ ತೊಡಿಸಿ ನೋಡಿದ್ರಾಯ್ತು. ಬರದೇ ಇರೋರು ಬರಲ್ಲ, ಅಷ್ಟೇ."

ಇಷ್ಟು ಹೇಳುವಾಗ ಅವನ ಕಣ್ಣು ಒಂದು ಕ್ಷಣ ನನ್ನ ಕೊರಳಪಟ್ಟಿಗೆ ಬಂದು, ಅಂದಿನ ಹಾಗೆಯೇ ಪಕ್ಕಕ್ಕೆ ತಿರುಗಿತು. ಅಂಗಿ ಜಾರಿತ್ತು. ನಾನು ಅದನ್ನು ಎಳೆದುಕೊಳ್ಳಲು ಕೈ ಎತ್ತಿದವಳು ಹಾಗೇ ನಿಂತೆ. ಮೂರು ಅಂಗಡಿ. ಮೂರು ಅಂಗಿ. ಮೂರೂ ಎಡಕ್ಕೆ. ಅಣ್ಣ ಹೊಲಿದದ್ದು ಮೂವತ್ತು ವರ್ಷದಲ್ಲಿ ಒಂದೂ ಜಾರಿರಲಿಲ್ಲ.

ನನ್ನ ಎಡ ಹೆಗಲನ್ನು ಮುಟ್ಟಿ ನೋಡಿಕೊಂಡೆ.

"ನಂದು ಎಷ್ಟಿತ್ತೋ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. ಆಮೇಲೆ ಮೇಜಿನ ಎಡತುದಿಯನ್ನು ಬೆರಳಿನಿಂದ ಮುಟ್ಟಿದ.

"ಮೊದಲನೇ ಗೀರು ನಿಮ್ಮದೇ ಅಕ್ಕಾ. ಎಷ್ಟು ಅಂತ ನಂಗೊತ್ತಿಲ್ಲ. ಇಲ್ಲಿ ನೋಡ್ಕೊಂಡು ಕತ್ತರಿಸ್ತಾ ಇದ್ವಿ."