ಮೂರನೆಯ ಗುಡ್ಡೆ

ಹೊಲಿದು ಮುಗಿಸಿದ ಗಾದಿಯ ಮೇಲೆ ಮಧ್ಯಾಹ್ನ ಒಂದು ಗಳಿಗೆ ಮಲಗಿ ನೋಡದೆ ಮಕ್ತುಮಬಿ ಅದನ್ನು ಗಿರಾಕಿಗೆ ಒಪ್ಪಿಸಿದವಳಲ್ಲ. ಅರಳೆ ಎಲ್ಲಿ ಗಂಟು ಕಟ್ಟಿದೆ, ಎಲ್ಲಿ ಟೊಳ್ಳು ಬಿದ್ದಿದೆ ಎಂಬುದು ಕೈಗಿಂತ ಬೆನ್ನಿಗೆ ಬೇಗ ತಿಳಿಯುತ್ತದೆ ಎಂದು ಅವಳ ವಾದ.

“ನಿದ್ದಿ ಪರೀಕ್ಷಾ ಇದು,” ಎನ್ನುತ್ತಿದ್ದ ಗಂಡ ಇಸ್ಮಾಯಿಲಸಾಬ. “ಇಷ್ಟ ವರ್ಸದಾಗ ಒಮ್ಮೆರ ನಪಾಸ ಆಗೀದಿ?”

ಅವಳು ಗಂಡನಿಗೂ ಹೇಳದ ಒಂದು ಸಂಗತಿಯಿತ್ತು. ಆ ಗಳಿಗೆಯಲ್ಲಿ ಬೀಳುವ ಕನಸುಗಳು ಅವಳವಲ್ಲ, ಗಾದಿಯವರವು. ಶಾಲೆಯ ಮಾಸ್ತರರ ಗಾದಿಯ ಮೇಲೆ ಮಲಗಿದರೆ ಗಂಟೆ ಬಾರಿಸುತ್ತಿತ್ತು. ಬೀಜದ ಕಂಪನಿಯ ಗುಮಾಸ್ತರ ಗಾದಿಯಲ್ಲಿ ಬೆನ್ನಿಗೆ ಮೊಳಕೆ ಒಡೆದು ಕಚಗುಳಿಯಾಗುತ್ತಿತ್ತು. ಸ್ವಂತದ್ದೆಂದು ಒಂದು ಕನಸು ಬಿದ್ದ ನೆನಪು ಅವಳಿಗಿರಲಿಲ್ಲ. ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಕೊಟ್ಟದ್ದು ಎರಡು ಓಣಿ ದಾಟಿ ಅದೇ ರಾಣೆಬೆನ್ನೂರಿಗೆ. ಕನಸು ಕಾಣಲು ಬಿಟ್ಟು ಬಂದ ಊರಾದರೂ ಬೇಕಲ್ಲ!

ಬದಲಿಗೆ ಅವಳಿಗೆ ಬೇರೆಯವರ ಧ್ವನಿಗಳು ಒಲಿದಿದ್ದವು. ಸ್ಟೇಷನ್ ರಸ್ತೆಯ ಅಷ್ಟೂ ಜನ ಅವಳ ನಾಲಿಗೆಯ ಮೇಲೆ ಬಾಡಿಗೆಗಿದ್ದರು. ಬೇಕಾದಾಗ ಬೇಕಾದವರನ್ನು ಕರೆಸಿ ಮಾತಾಡಿಸುತ್ತಿದ್ದಳು.

ಅವಳ ಮನೆ ಸಣ್ಣದು, ಮುಂದಿನ ಅಂಗಳ ದೊಡ್ಡದು. ಅದರ ಒಂದು ಮಗ್ಗುಲಲ್ಲಿ, ಬೇವಿನ ಮರದ ಕೆಳಗೆ, ಇಸ್ಮಾಯಿಲಸಾಬ ತಂತಿ ಬಿಗಿದ ಕಮಾನಿನಿಂದ ಅರಳೆ ಹಿಂಜುತ್ತಿದ್ದ. ಠೊಂಯ್ ಠೊಂಯ್ ಎಂಬ ಆ ಸದ್ದಿಗೆ ಮರದ ಕಾಗೆಗಳೂ ತೂಕಡಿಸುತ್ತಿದ್ದವು. ಇನ್ನೊಂದು ಮಗ್ಗುಲಲ್ಲಿ ಚಳಿಗಾಲ ಬಂತೆಂದರೆ ಮುಂಡಗೋಡದ ಟಿಬೆಟಿನವರು ಹಗ್ಗ ಕಟ್ಟಿ ಸ್ವೆಟರ್ ತೂಗುಹಾಕುತ್ತಿದ್ದರು. ಶಿವರಾತ್ರಿಗೆ ಗಂಟು ಕಟ್ಟಿ ಹೋಗಿಬಿಡುತ್ತಿದ್ದರು.

ಈಗ ಆ ಅಂಗಳಕ್ಕೆ ಕೇಳಿಕೆ ಬಂದಿತ್ತು. ಕೇಳಿದವನು ವೇಲಜಿಭಾಯಿ ಪಟೇಲ. ಹಲಗೇರಿ ರಸ್ತೆಗೆ ಹಲಗೆಯ ಹೆಸರು ಮೊದಲಿನಿಂದಲೂ ಇತ್ತು; ಕಛ್‌ನಿಂದ ಬಂದ ಪಟೇಲರು ಅಲ್ಲಿ ಸಾಮಿಲ್ಲು ಹಾಕಿ ಅದನ್ನು ಖರೇ ಮಾಡಿದರು. ವೇಲಜಿಯ ತಂಗಿಯ ಗಂಡ ಊರಿನಿಂದ ಹೊಸದಾಗಿ ಬಂದಿದ್ದ. ಅವನಿಗೊಂದು ಪ್ಲೈವುಡ್ ಅಂಗಡಿ ಹಾಕಿಕೊಡಬೇಕು. ಜಾಗ ವರ್ಷಪೂರ್ತಿ ಬೇಕು, ಬಾಡಿಗೆ ವರ್ಷಪೂರ್ತಿ ಬರುತ್ತದೆ.

“ಕೊಟ್ಟುಬಿಡೋಣ ಮಕ್ತುಮಾ,” ಎಂದ ಇಸ್ಮಾಯಿಲಸಾಬ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಹಿಡಿಯಿತು. ಇಷ್ಟು ವರ್ಷ ಹಿಂಜಿದ ಅರಳೆಯೆಲ್ಲ ಅವನ ಎದೆಯೊಳಗೇ ಒಂದು ಗಾದಿ ಹಾಸಿ ಕೂತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರರು ಕಮಾನು ಕೆಳಗಿಡು ಎಂದಿದ್ದರು. ಬಾಡಿಗೆ ಬಂದರೆ ಕಮಾನು ಇಡಬಹುದು. ಇಲ್ಲವಾದರೆ ಕಮಾನೇ ಅವನನ್ನು ಕೆಳಗಿಡುತ್ತದೆ.

“ಸ್ವೆಟರ್‌ನವರಿಗೆ ಏನಂತ ಹೇಳೂದ್ರಿ? ಬಂದೋರಿಗೆ ಎದ್ದ ಹೋಗ್ರಿ ಅನ್ನೂದಾ?”

“ಗಾದಿ ಮುಗೀಲಿ ತಡಿ. ಅಷ್ಟರಾಗ ಏನರ ಹೊಳೀತೈತಿ.”

ವೇಲಜಿಯ ತಾಯಿ ಪುರಿಬಾ ಒಂದು ಹಳೆಯ ಗಾದಿಯನ್ನು ಬಿಚ್ಚಿ ಹೊಸದಾಗಿ ಹೊಲಿಯಲು ಕೊಟ್ಟಿದ್ದಳು. ಅದು ಮುಗಿದ ದಿನ ಜಾಗದ ಉತ್ತರ ಕೊಡಬೇಕೆಂದು ಮಾತಾಗಿತ್ತು. ಕಛ್‌ನವರು ತಾಯಿಗೆ ‘ಬಾ’ ಎನ್ನುತ್ತಾರೆ. ಅದು ತಿಳಿಯದ ಮೊದಲ ವರ್ಷ, ಮಗ ತಾಯಿಯನ್ನು ಕರೆದಾಗಲೆಲ್ಲ ಮಕ್ತುಮಬಿ ಎದ್ದು ಹೋಗಿ ನಿಂತಿದ್ದಳು.

“ಹೊಸಾ ಅರಳಿ ಹಾಕಬೇಡ ಮಕ್ತುಮ್,” ಎಂದಿದ್ದಳು ಪುರಿಬಾ. “ಇದು ನನ್ನ ಮದುವಿ ಅರಳಿ ಛೆ. ನಮ್ಮ ಊರಿಂದ ಬಂತು. ನಾನೂ ಬಂತು.” ‘ಐತಿ’ ಎನ್ನಬೇಕಾದಲ್ಲಿ ಅವಳ ಭಾಷೆಯ ‘ಛೆ’ ನುಸುಳುತ್ತಿತ್ತು.

ಅದೇ ವಾರ ಸ್ವೆಟರಿನ ಲಾಮೊ ಕೂಡ ಬಂದು ಗಾದಿ ಕೇಳಿದ್ದಳು. ಮಕ್ತುಮಬಿಗೆ ಆಶ್ಚರ್ಯ. ಟಿಬೆಟಿನವರು ಗಾದಿ ಹೊಲಿಸಿದ್ದನ್ನು ಅವಳು ಕಂಡಿರಲಿಲ್ಲ.

“ಹೊಸಾ ಅರಳಿ, ಅಕ್ಕಾ. ಈ ಊರು ಅರಳಿ,” ಎಂದಿದ್ದಳು ಲಾಮೊ, ಅಷ್ಟೇ.

ಎರಡೂ ಕಡೆಯವರು ಹೊರಗಿನವರೇ. ಆದರೆ ಹೊರಗಿನವರಲ್ಲೂ ಕಟ್ಟೆ ಏರಿ ಕೂತವರು, ಕಟ್ಟೆಯ ಕೆಳಗೆ ನಿಂತವರು ಅಂತಿರುತ್ತಾರೆ ಎಂಬುದು ಮಕ್ತುಮಬಿಗೆ ಸೂಜಿಗೆ ದಾರ ಪೋಣಿಸುವಾಗಲೆಲ್ಲ ಹೊಳೆಯುತ್ತಿತ್ತು. ಪಟೇಲರಿಗೆ ಮಿಲ್ಲು, ಮಹಡಿ ಮನೆ, ಬ್ಯಾಡಗಿಯಲ್ಲಿ ಅಣ್ಣ, ಹಾವೇರಿಯಲ್ಲಿ ತಮ್ಮ. ವೇಲಜಿ ಬ್ಯಾಂಕಿಗೆ ಹೋದರೆ ಮ್ಯಾನೇಜರು ಕುರ್ಚಿ ಎಳೆದು “ಬರ್ರಿ ಶೇಠಜಿ” ಎನ್ನುತ್ತಾರೆ. ಟಿಬೆಟಿನವರಿಗೆ ಹೆಸರೂ ಇಲ್ಲ. “ಏ ಸ್ವೆಟರ್, ಇದಕೆಷ್ಟು?” ಎಂದು ಊರಿಗೆ ಊರೇ ಕರೆಯುತ್ತದೆ. ಇಬ್ಬರೂ ಬಂದು ಹೆಚ್ಚುಕಡಿಮೆ ಅಷ್ಟೇ ವರ್ಷವಾಗಿದೆ. ಒಬ್ಬರು ಬೇರು ಬಿಟ್ಟರು, ಒಬ್ಬರು ಬರೇ ಬೆಚ್ಚಗಿನ ಬಟ್ಟೆ ಬಿಟ್ಟುಹೋಗುತ್ತಾರೆ. ಹಾಗಾದರೆ ಅಂಗಳ ಯಾರಿಗೆ ಹೆಚ್ಚು ಬೇಕು? ಅವಳು ಹೊಲಿಯುವುದು ಗಾದಿ. ಇದಕ್ಕೆ ಹೊಂದುವ ಗಾದೆ ಅವಳ ಹತ್ತಿರ ಇರಲಿಲ್ಲ.

ಆ ದಿನ ಇಸ್ಮಾಯಿಲಸಾಬನಿಗೆ ಕೆಮ್ಮು ಜೋರಾಗಿ ಕಟ್ಟೆಯ ಮೇಲೆ ಒರಗಿಬಿಟ್ಟ. ಕಮಾನು ಹಿಡಿಯುವುದು ಗಂಡಸರ ಕೆಲಸ, ಹೊಲಿಗೆ ಹೆಂಗಸರದು. ಆದರೂ ಮಕ್ತುಮಬಿ ತಾನೇ ಕಮಾನು ತೂಗಿಸಿಕೊಂಡು ಕೂತಳು. ಎಡಕ್ಕೆ ಪುರಿಬಾನ ಹಳೆಯ ಅರಳೆ, ನಸುಹಳದಿ. ಬಲಕ್ಕೆ ಲಾಮೊಳ ಹೊಸ ಅರಳೆ, ಹಾಲಿನಂಥದ್ದು. ಊಟವಾಗಿತ್ತು. ಬೇವಿನ ನೆರಳು ತೊಟ್ಟಿಲಿನಂತೆ ಆಡುತ್ತಿತ್ತು. ಕೊಡತಿ ತಂತಿಗೆ ತಾಗಿದಾಗಲೆಲ್ಲ ಠೊಂಯ್ ಎಂದು ಒಂದು ಹಿಡಿ ಅರಳೆ ಎದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು, ಇಳಿಯಲು ಮನಸ್ಸಿಲ್ಲದ ಹಾಗೆ. ಠೊಂಯ್. ಎಲ್ಲೋ ದೂರದಲ್ಲಿ ಬೆಳ್ಳಗೆ ಏನೋ ಹಾಸಿತ್ತು. ಠೊಂಯ್. ಅದರ ಮೇಲೆ ಯಾರೋ ಬರಿಗಾಲಲ್ಲಿ ನಡೆಯುತ್ತಿದ್ದರು. ಕೈ ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಅವಳಿಗೆ ತಿಳಿಯಲಿಲ್ಲ.

ಕಾಗೆ ಕೂಗಿ ಎಚ್ಚರಾದಾಗ ಎರಡು ಗುಡ್ಡೆಗಳಿದ್ದಲ್ಲಿ ಮೂರಿದ್ದವು. ನಡುವಿನದು ಮೊಣಕಾಲೆತ್ತರ, ಹಳದಿಯೂ ಅಲ್ಲ, ಬಿಳಿಯೂ ಅಲ್ಲ.

“ಯಾ ಅಲ್ಲಾ!” ಎಂದಳು. ಈ ಒಂದು ಮಾತು ಮಾತ್ರ ಅವಳದೇ ಧ್ವನಿಯಲ್ಲಿತ್ತು.

ಇಸ್ಮಾಯಿಲಸಾಬ ಎದ್ದು ಬಂದು ನೋಡಿದ. ಒಬ್ಬರ ಅರಳೆಯನ್ನು ಇನ್ನೊಬ್ಬರದರಲ್ಲಿ ಬೆರೆಸಿದ ಪಿಂಜಾರನಿಗೆ ಊರಲ್ಲಿ ಮತ್ತೊಂದು ಗಾದಿ ಸಿಗುವುದಿಲ್ಲ.

“ಸುಮ್ನ ಎರಡರಾಗೂ ಇಷ್ಟಿಷ್ಟ ತುಂಬಿ ಹೊಲದ್ರ ಯಾರಿಗೆ ಗೊತ್ತಾಗತೈತ್ರಿ?” ಎಂದಳು, ಗಂಡ ಬೇಡ ಎನ್ನಲೆಂದೇ.

“ನಮ್ಮಪ್ಪ ಇದ್ದಿದ್ರ ಕಮಾನ ನನ್ನ ತಲೀಮ್ಯಾಲೆ ಮುರೀತಿದ್ದ. ಕರಿ ಇಬ್ಬರನ್ನೂ.”

ಲಾಮೊ ಹಗ್ಗದ ಆಚೆಯೇ ಇದ್ದಳು, ಬಂದಳು. ಪುರಿಬಾ ಜಟಕಾದಲ್ಲಿ ಬಂದು ಇಳಿದಳು. ನಡುಗುಡ್ಡೆ ನೋಡಿ ಪೂರಿಯ ಹಾಗೆ ಉಬ್ಬಿದಳು.

“ಅರೇ! ನನ್ನ ಅರಳಿ ಎಲ್ಲಾ ಗಡಬಡ ಆಯ್ತು! ಇದು ನನ್ನ ಮಗಳದು ಛೆ! ಆರಿಸು! ಈಗೇ ಆರಿಸು!”

ಮೂವರೂ ಗುಡ್ಡೆಯ ಸುತ್ತ ಕೂತರು. ಹಳದಿ ಎಡಕ್ಕೆ, ಬಿಳಿ ಬಲಕ್ಕೆ. ಆರಿಸುತ್ತ ಆರಿಸುತ್ತ ಲಾಮೊ ಏನೋ ಕೇಳಿದಳು. ಪುರಿಬಾ ಕಣ್ಣು ಕಿರಿದು ಮಾಡಿದಳು.

“ಈ ಹುಡುಗಿ ಏನು ಹೇಳತೈತಿ? ಇದರ ಕನ್ನಡ ನನಗ ತಿಳಿಯೂದಿಲ್ಲ.”

“ಅಜ್ಜಿ ಕನ್ನಡ ತುಂಬ ಕಷ್ಟ,” ಎಂದಳು ಲಾಮೊ.

ಹೀಗೆ ಮಕ್ತುಮಬಿ ಕನ್ನಡದಿಂದ ಕನ್ನಡಕ್ಕೆ ದುಭಾಷಿಯಾದಳು. ಲಾಮೊ ಹೇಳಿದ್ದನ್ನು ಪುರಿಬಾನ ಕನ್ನಡದಲ್ಲಿ, ಪುರಿಬಾ ಹೇಳಿದ್ದನ್ನು ಲಾಮೊಳ ಕನ್ನಡದಲ್ಲಿ. ಇಬ್ಬರಿಗೂ ಸರಾಗವಾಗಿ ತಿಳಿಯಿತು. ಕಟ್ಟೆಯ ಮೇಲೆ ಇಸ್ಮಾಯಿಲಸಾಬ ನಕ್ಕು, ನಗು ಕೆಮ್ಮಾಗಿ, ಟಾವೆಲ್ಲು ಬಾಯಿಗೆ ಒತ್ತಿಕೊಂಡ.

“ಅಜ್ಜಿಗೆ ಮಿಲ್ಲು ಇದೆ, ಮನೆ ಇದೆ. ಹಳೇ ಅರಳಿ ಯಾಕೆ?” ಇದು ಲಾಮೊಳ ಪ್ರಶ್ನೆ.

ಮಕ್ತುಮಬಿ ಪುರಿಬಾನ ಕಡೆ ತಿರುಗಿದಳು. “ಈ ಹುಡುಗಿ ಕೇಳತೈತಿ ಬಾ, ನಿಮ್ಮ ಹತ್ರ ಅಷ್ಟು ದೊಡ್ಡ ಮಿಲ್ಲು ಛೆ, ಹಳೇ ಅರಳಿ ಯಾಕ?”

“ಮಿಲ್ಲು!” ಪುರಿಬಾ ಕೈಯಾಡಿಸಿದಳು. “ಮಿಲ್ಲು ಈಗ ಐತಿ. ನನ್ನ ಗಂಡ ಬಂತು, ಕಟ್ಟಿಗಿ ಹೊಟ್ಟಿನ ಮ್ಯಾಲೆ ಮಲಗಿತ್ತು. ಬ್ಯಾಡಗಿ ದೊಡ್ಡ ಮಗ ಮಲಗಿತ್ತು. ವೇಲಜಿ ಮಲಗಿತ್ತು. ಈಗ ನನ್ನ ಅಳಿಯ ಮಲಗತೈತಿ. ಸ್ವಂತ ಅಂಗಡಿ ಆಗೂತನಕ ಹೊಟ್ಟು. ಆಮೇಲೆ ಹೆಂಡ್ತಿ ಬರತೈತಿ, ಆಮೇಲೆ ಗಾದಿ. ನಮ್ಮ ಮಂದೀದು ಹಂಗೇ ಛೆ.” ಒಂದು ಹಿಡಿ ಹಳದಿ ಅರಳೆ ಮಡಿಲಿಗೆ ಎಳೆದುಕೊಂಡಳು. “ಮಗಳು ಅಲ್ಲೇ ಐತಿ, ಕಛ್‌ದಾಗ. ಅಂಗಡಿ ಆದ್ರೆ ಬರತೈತಿ. ಈ ಗಾದಿ ಅದಕ್ಕ.”

ಮಕ್ತುಮಬಿಯ ಕೈ ನಿಂತಿತು. ಹಾಗಾದರೆ ಅಂಗಳದ ಕೇಳಿಕೆಗೂ ಈ ಅರಳೆಗೂ ಒಂದೇ ದಾರ. ಪಟೇಲರೆಂದರೆ ಹುಟ್ಟುತ್ತಲೇ ಗಾದಿಯ ಮೇಲೆ ಕೂತವರು ಎಂದುಕೊಂಡಿದ್ದಳು. ಅವರಲ್ಲಿ ಒಬ್ಬ ಇವತ್ತೂ ಹೊಟ್ಟಿನ ಮೇಲೆ ಮಲಗುತ್ತಾನೆ.

ಅದನ್ನು ಲಾಮೊಳ ಕನ್ನಡಕ್ಕೆ ಇಳಿಸಿದಳು. ಲಾಮೊ ಬಹಳ ಹೊತ್ತು ಅರಳೆ ಬಿಡಿಸಿದಳು.

“ನಮ್ಮ ಅಪ್ಪ ಗಾದಿ ಬೇಡ ಹೇಳೋದು,” ಎಂದಳು. “ನಾನು ಸಣ್ಣ ಹುಡುಗಿ, ಆಗಿಂದ. ಸರಕಾರ ಜಮೀನು ಕೊಟ್ಟಿತು, ಮನೆ ಕೊಟ್ಟಿತು. ಅಪ್ಪ ನೆಲ ಮೇಲೆ ಜಮಖಾನೆ. ಮುಂದಿನ ವರ್ಷ ವಾಪಸ್ ಹೋಗೋದು, ಗಾದಿ ಯಾಕೆ? ಪ್ರತಿ ವರ್ಷ ಹೇಳೋದು. ಈ ವರ್ಷ ಅಪ್ಪ ಹೇಳಿದ, ಲಾಮೊ, ಗಾದಿ ತಗೊಂಡು ಬಾ.”

ಇದನ್ನು ಪುರಿಬಾನ ಧ್ವನಿಯಲ್ಲಿ ಹೇಳಲು ಹೋಗಿ ಮಕ್ತುಮಬಿ ‘ಛೆ’ ಹಾಕುವುದನ್ನೇ ಮರೆತಳು. ಹೇಗೋ ಹೇಳಿದಳು. ಪುರಿಬಾ ಸೆರಗು ಸರಿಮಾಡಿಕೊಂಡಳು. “ನಮಗ ರೈಲು ಐತಿ,” ಎಂದಳು ಮೆಲ್ಲಗೆ. “ಮದುವಿಗೆ ಹೋಗತೀವಿ, ಸಾವಿಗೆ ಹೋಗತೀವಿ. ಇದರ ಅಪ್ಪಗ ರೈಲು ಇಲ್ಲ.”

ಆಮೇಲೆ ಯಾರೂ ಆರಿಸಲಿಲ್ಲ. ಇಳಿಬಿಸಿಲು ಅಡ್ಡಲಾಗಿ ಬಿದ್ದು ಮೂರೂ ಗುಡ್ಡೆ ಒಂದೇ ಬಣ್ಣವಾಗಿದ್ದವು.

“ನಮ್ಮ ಊರು ಹೊರಗೆ ಹಿಂಗೇ,” ಎಂದಳು ಪುರಿಬಾ. “ಕಣ್ಣು ಹೋಗೂತನಕ ಬೆಳ್ಳಗ. ಎಲ್ಲಾ ಉಪ್ಪು.”

“ಬರ್ಫ,” ಎಂದು ಹಿಮದ ಹೆಸರು ಹೇಳಿದಳು ಲಾಮೊ, ತನ್ನ ಪಾಡಿಗೆ. “ನನಗೆ ನೆನಪು ಇಲ್ಲ. ಅಪ್ಪ ಹೇಳೋದು, ಆಗ ಕಾಣೋದು.”

ಮಕ್ತುಮಬಿ ಕಣ್ಣು ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು. ಅರಳೆ. ಎಷ್ಟು ನೋಡಿದರೂ ಅರಳೆಯೇ. ಎಂಥದೋ ಹೊಟ್ಟೆಕಿಚ್ಚಾಯಿತು.

“ತಂಗಿ,” ಎಂದಳು ಲಾಮೊಳಿಗೆ. “ಈ ಜಾಗಾ ಇವರ ಅಳಿಯಗ ಕೊಟ್ರ ನಿಮ್ಮ ಗತಿ ಏನವಾ?”

ಲಾಮೊ ನಕ್ಕಳು. “ಅಕ್ಕಾ, ಜಾಗ ನಮ್ಮದು ಯಾವಾಗ? ನಮ್ಮ ಮಂದಿ ಎಲ್ಲ ಹಾವೇರಿ ಸೇರೋದು, ಚೀಟಿ ಎತ್ತೋದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಒಳ್ಳೆ ಜಾಗ ಒಬ್ಬರಿಗೇ ಯಾವಾಗಲೂ ಇಲ್ಲ. ನಾನು ನಡುವೆ ಎರಡು ವರ್ಷ ಬರಲಿಲ್ಲ, ನೆನಪಿದೆಯಾ? ಚೀಟಿ ಬೇರೆ.”

ಮಕ್ತುಮಬಿ ಆಗ ಅವಳು ಸಿಟ್ಟಾಗಿರಬೇಕೆಂದುಕೊಂಡಿದ್ದಳು. ಕೇಳಿಯೇ ಇರಲಿಲ್ಲ.

“ಆದರೆ ನೆರಳು ಚೆನ್ನಾಗಿತ್ತು,” ಎಂದು ಸೇರಿಸಿದಳು ಲಾಮೊ, ಬೇವಿನ ಮರ ನೋಡಿ.

ಪುರಿಬಾ ಇಬ್ಬರ ಮುಖವನ್ನೂ ನೋಡಿದಳು. “ನಮ್ಮ ಮಿಲ್ ಮುಂದೆ ಹಾಕಲಿ ಸ್ವೆಟರ್. ನಾನು ವೇಲಜಿಗೆ ಹೇಳತೀನಿ.”

ಇದನ್ನು ಅನುವಾದಿಸಿದಾಗ ಲಾಮೊ ಇನ್ನೂ ಜೋರಾಗಿ ನಕ್ಕಳು. “ಅಜ್ಜಿ, ಕಟ್ಟಿಗೆಗೆ ಚಳಿ ಆಗೋದಿಲ್ಲ!”

ಕಟ್ಟೆಯ ಮೇಲೆ ಮತ್ತೆ ಕೆಮ್ಮು. ಈ ಸಲ ಅದು ನಿಲ್ಲಲೇ ಇಲ್ಲ. ಮೂವರೂ ತಲೆಯೆತ್ತಿ ಅದು ನಿಲ್ಲುವುದನ್ನು ಕಾದರು.

“ಬಾ,” ಎಂದಳು ಮಕ್ತುಮಬಿ, “ಶಿವರಾತ್ರಿ ಆದಮ್ಯಾಲೆ ಅಂಗಳಾ ನಿಮ್ಮ ಅಳಿಯಂದು. ವೇಲಜಿಭಾಯ್ಗೆ ಹೇಳ್ರಿ. ಮಗಳನ್ನ ಕರಿಸ್ರಿ.” ಯಾರ ಧ್ವನಿಯನ್ನೂ ಎರವಲು ತರದೆ ಹೇಳಿದ್ದರಿಂದಲೋ ಏನೋ, ಅದು ಅವಳಿಗೇ ಹೊಸದಾಗಿ ಕೇಳಿಸಿತು.

ನಡುಗುಡ್ಡೆಯನ್ನು ಪುರಿಬಾನೇ ಎರಡು ಕೈಯಿಂದ ಎರಡು ಪಾಲು ಮಾಡಿದಳು. ತೂಗಲಿಲ್ಲ. “ತುಂಬು,” ಎಂದಳು. ಇಸ್ಮಾಯಿಲಸಾಬನ ಕಮಾನು ಹಿಂಜಿದ ಕೊನೆಯ ಅರಳೆ ಅದು. ಅವನು ಕಮಾನನ್ನು ಗೋಡೆಗೆ ತೂಗುಹಾಕಿದ ದಿನ ಕಾಗೆಗಳಿಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಬೇವಿನ ಮರ ಕಡಿದು ಅಂಗಡಿ ಎದ್ದಿತು. ಮಳೆಗಾಲದ ಮೊದಲೇ ಪುರಿಬಾನ ಮಗಳು ಬಂದಳು. ಇಸ್ಮಾಯಿಲಸಾಬನ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಅವನು ಮಾತು ಮುಗಿಸುವ ತನಕ ಕಾಯುವುದನ್ನು ಕಲಿತಿತ್ತು. ಪುರಿಬಾನ ಮಗಳು ನೀರಿಗೆ ಬಂದಾಗ ಒಂದು ತಕರಾರು ಹೇಳಿದಳು: ಗಾದಿ ಮೆತ್ತಗಿದೆ, ಆದರೆ ಕಡುಬೇಸಿಗೆಯಲ್ಲೂ ಅದರ ಮೇಲೆ ಮಲಗಿದರೆ ಕನಸಿನಲ್ಲಿ ಪಾದಕ್ಕೆ ಚಳಿ ಕೊರೆಯುತ್ತದೆ. ಏಕೋ?

ಮಕ್ತುಮಬಿ ಅವಳ ಕೊಡ ತುಂಬಿಸಿ ಕಳಿಸಿದಳು. ಡಿಸೆಂಬರ್ ಬಂದಾಗ, ಲಾಮೊಳ ಚೀಟಿಗೆ ಬ್ಯಾಡಗಿ ಬಿದ್ದಿದೆಯೆಂದು ತಿಳಿದು, ಮೊದಲ ಸಲ ಯಾವ ಕೆಲಸವೂ ಇಲ್ಲದೆ, ಬ್ಯಾಡಗಿಗೆ ಹೋದಳು. ಊರಿಗೆ ಊರೇ ಕೆಂಪಗೆ ಮೆಣಸಿನಕಾಯಿ ಹಾಸಿಕೊಂಡಿತ್ತು. ಬಸ್‌ಸ್ಟ್ಯಾಂಡಿನ ಪಕ್ಕ ಲಾಮೊ ಸೀನುತ್ತ ಸ್ವೆಟರ್ ಮಡಚುತ್ತಿದ್ದಳು.

“ಏನವಾ ಲಾಮೊ, ಬ್ಯಾಡಗಿ ಬ್ಯಾಡ ಅನಸೇತೇನು?”

“ಬೇಡ ಅಂದರೆ ಹೇಗೆ ಅಕ್ಕಾ, ಚೀಟಿ ಬಂತು,” ಎಂದು ಅವಳು ಕುರ್ಚಿ ಎಳೆದಳು.

“ಅಪ್ಪ ಗಾದಿಮ್ಯಾಲೆ ಮಲಗತಾರ?”

“ಮಲಗೋದು! ಮೊದಲ ದಿನ ಬೆಳಿಗ್ಗೆ ಎದ್ದು ಕೂತು ಸುಮ್ಮನೆ. ಕನಸಲ್ಲಿ ಊರು ಬಂತಂತೆ. ಎಲ್ಲ ಕಡೆ ಬರ್ಫ. ಕೈಯಲ್ಲಿ ತಗೊಂಡು ಬಾಯಿಗೆ ಹಾಕಿದ.” ಲಾಮೊ ತುಟಿ ಮುಟ್ಟಿ ತೋರಿಸಿದಳು. “ಉಪ್ಪು, ಅಕ್ಕಾ! ಅಪ್ಪ ಕೇಳಿದ, ಲಾಮೊ, ನಮ್ಮ ಬರ್ಫಕ್ಕೆ ಉಪ್ಪು ಯಾರು ಹಾಕಿದರು?”

ಇಬ್ಬರೂ ನಕ್ಕರು, ಸೀನಿದರು, ಮತ್ತೆ ನಕ್ಕರು.

ಸಂಜೆಯ ಪ್ಯಾಸೆಂಜರಿನಲ್ಲಿ ಮಕ್ತುಮಬಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಟ್ಟಿಗೆಯ ಹಲಗೆ, ಗಾದಿಯಲ್ಲ, ಯಾರ ಕನಸೂ ಅದರಲ್ಲಿರಲಿಲ್ಲ. ತಲೆ ಸರಳಿಗೆ ಒರಗಿತು. ಗಾಡಿಯ ಸದ್ದು ನಿಧಾನಕ್ಕೆ ಠೊಂಯ್ ಠೊಂಯ್ ಎಂದಾಯಿತು. ಬೇವಿನ ನೆರಳು ಆಡಿತು. ಹಗ್ಗದ ಮೇಲೆ ಸ್ವೆಟರುಗಳು ತೋಳು ಬೀಸಿದವು. ಅಂಗಳದ ನಡುವೆ ಮೂರು ಗುಡ್ಡೆ, ಗಾಳಿಯಲ್ಲಿ ನಿಂತ ಒಂದು ಹಿಡಿ ಅರಳೆ, ಮತ್ತು ಎಳೆಯ ಗಂಡ ಕಮಾನು ಹಿಡಿದು, ಒಂದೂ ಕೆಮ್ಮದೆ, ಅವಳನ್ನು ನೋಡಿ ನಗುತ್ತಿದ್ದ.

ಮೆಣಸಿನಕಾಯಿ ಚೀಲ ಹಿಡಿದ ಪಕ್ಕದ ಹೆಂಗಸು ಭುಜ ಅಲುಗಿಸಿದಳು. “ಯಕ್ಕಾ, ರಾಣೆಬೆನ್ನೂರ ಬಂತ್ರಿ. ಇಳಿಯಂಗಿಲ್ಲೇನು?”

“ಇಳೀತೇನಿ ತಂಗಿ,” ಎಂದಳು ಮಕ್ತುಮಬಿ, ಏಳದೆ. “ಈಗ ಅಲ್ಲೇ ಇದ್ನಿ.”