ಬಣ್ಣ ಹೋಯಿತು, ಉಂಗುರ ಬರಲಿಲ್ಲ

ನನ್ನ ತಂಗಿಯ ಕಾಲಿನ ಹುಣ್ಣಿಗೆ ಎರಡು ತಿಂಗಳು. ಮೈಯಲ್ಲಿ ಸಕ್ಕರೆ ಕಾಯಿಲೆ, ಬಾಯಲ್ಲಿ ಹಟ. ಆಸ್ಪತ್ರೆ ಅಂದರೆ ಸಾಕು, "ಕಾಲು ಕತ್ತರಿಸ್ತಾರೆ, ಬರಲ್ಲ" ಅಂತ ಗೋಡೆಗೆ ತಿರುಗಿ ಮಲಗುತ್ತಿದ್ದಳು. ಅಮ್ಮ ಹೇಳಿಕೊಟ್ಟ ಗಾಯದ ಸೊಪ್ಪನ್ನು ಅರೆದು ಕಟ್ಟಿಕೊಳ್ಳುವುದೇ ಅವಳ ಮದ್ದು. ಕೊನೆಗೆ ಒಂದು ಮಾತಿಗೆ ಬಂದಳು: "ನಿನ್ನ ಸೊಸೆಯ ಲ್ಯಾಬಲ್ಲಿ ಪರೀಕ್ಷೆ ಮಾಡಿಸು. ಸೊಪ್ಪು ಫೇಲಾದ್ರೆ ಬರ್ತೀನಿ. ಪಾಸಾದ್ರೆ ನನ್ನ ತಂಟೆಗೆ ಬರಬೇಡ."

ಸೊಸೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ ರಸ ತೆಗೆದಳು. ಹತ್ತು ದಿನ ಬಿಟ್ಟು ನನ್ನನ್ನು ಲ್ಯಾಬಿಗೇ ಕರೆಸಿದಳು.

ಮೊದಲು ಗಾಜಿನ ನಳಿಕೆಯಲ್ಲಿ ನೇರಳೆ ನೀರು. ಅದಕ್ಕೆ ರಸ ಬಿಟ್ಟಳು. ನೋಡುನೋಡುತ್ತ ನೇರಳೆ ಹೋಗಿ ಹಳದಿ. "ಭಲೇ ಸೊಪ್ಪು, ಅತ್ತೆ! ಮೈ ಒಳಗಿಂದ ತುಕ್ಕು ಹಿಡಿಯೋದನ್ನ ತಡೆಯೋ ಗುಣ ಇದೆ."

ಆಮೇಲೆ ಮುಚ್ಚಳದ ಗಾಜಿನ ತಟ್ಟೆ. ಒಳಗೆ ಹಾಲಿನ ಕೆನೆಯ ಹಾಗೆ ಕ್ರಿಮಿ ಬೆಳೆದಿತ್ತು. ಅದರ ಮೇಲೆ ಕಾಗದದ ಎರಡು ಪುಟ್ಟ ಬಿಲ್ಲೆ, ಒಂದಕ್ಕೆ ಅಂಗಡಿ ಔಷಧಿ ಹಚ್ಚಿದ್ದು, ಇನ್ನೊಂದಕ್ಕೆ ನಮ್ಮ ಸೊಪ್ಪಿನ ರಸ. ಅಂಗಡಿ ಔಷಧಿಯ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ತಿಳಿಯಾದ ಉಂಗುರ. ನಮ್ಮ ಸೊಪ್ಪಿನ ಬಿಲ್ಲೆಗೋ, ಕ್ರಿಮಿಗಳು ಒರಗಿಕೊಂಡೇ ಸಂಸಾರ ಹೂಡಿದ್ದವು.

"ಹಾಗಾದ್ರೆ ಪಾಸೋ, ಫೇಲೋ?"

"ಒಂದರಲ್ಲಿ ಪಾಸ್, ಒಂದರಲ್ಲಿ ಫೇಲ್."

"ಹಸಿ ಸೊಪ್ಪನ್ನೇ ಅರೆದಿದ್ರೆ?"

"ಗೊತ್ತಿಲ್ಲ. ಮಾಡಿ ನೋಡ್ಬೇಕು."

"ಅವಳ ಕಾಲಲ್ಲಿರೋದೂ ಇದೇ ಕ್ರಿಮಿಯಾ?"

"ಅದೂ ಗೊತ್ತಿಲ್ಲ. ಇದು ಲ್ಯಾಬಲ್ಲಿ ಸಾಕಿದ್ದು. ಅತ್ತೆ, ಚಿಕ್ಕತ್ತೇನ ಇವತ್ತೇ ಡಾಕ್ಟರಿಗೆ ತೋರಿಸಿ."

ಸಾಕಿದ್ದಂತೆ! ನಾಯಿ ಬೆಕ್ಕು ಸಾಕುವವರನ್ನು ಕಂಡಿದ್ದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಫೇಲು ಅಂದುಬಿಟ್ಟರೆ ಕೆಲಸ ಸುಲಭ. ಆದರೆ ನೇರಳೆ ಹಳದಿಯಾದದ್ದನ್ನು ಕಣ್ಣಾರೆ ಕಂಡಿದ್ದೇನಲ್ಲ. ಪಾಸು ಅಂದರೆ ಕಾಲೇ ಹೋದೀತು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ತಿದ್ದಿದವಳು ನಾನು. ಉತ್ತರ ಒಂದೋ ಸರಿ, ಇಲ್ಲವೋ ತಪ್ಪು. ಒಂದೇ ಉತ್ತರಕ್ಕೆ ಎರಡೂ ಗುರುತು ಹಾಕಿಕೊಟ್ಟರೆ ಏನಂತ ಓದಲಿ? ನನ್ನ ಸ್ಟಾಪು ದಾಟಿ ಹೋದದ್ದೂ ತಿಳಿಯಲಿಲ್ಲ. ಹಿಂದಕ್ಕೆ ನಡೆದು ಬಂದೆ.

ತಂಗಿ ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದಳು. "ಏನಂತೆ? ಮುಖ ಯಾಕೆ ಹುಳ್ಳಗಿದೆ?"

ಕಂಡದ್ದನ್ನೆಲ್ಲ ಹೇಳಿದೆ, ನೀರು, ತಟ್ಟೆ, ಬಿಲ್ಲೆ.

"ಅದೆಲ್ಲ ಬಿಡು. ಸೊಪ್ಪು ಕಟ್ಟಿದ್ರೆ ವಾಸಿಯಾಗತ್ತಾ, ಇಲ್ವಾ?"

"ಗೊತ್ತಿಲ್ಲ ಕಣೇ."

ಅವಳು ನನ್ನನ್ನೇ ನೋಡಿದಳು. "ಹುಟ್ಟಿದಾಗಿಂದ ನನಗೆ ಬುದ್ಧಿ ಹೇಳಿದವಳು ನೀನು. ಕೇಳದೇ ಇದ್ದಾಗ್ಲೂ ಹೇಳ್ತಿದ್ದೆ. ಗೊತ್ತಿಲ್ಲ ಅಂತ ಒಂದು ದಿನ ಅಂದವಳಲ್ಲ."

"ಈಗ ಅಂದೆನಲ್ಲ."

ಕಾಲಿಗೆ ಕಟ್ಟಿದ ಬಟ್ಟೆ ಸವರಿಕೊಂಡಳು. "ಭಯ ಆಗ್ತಿದೆ, ಅಕ್ಕ."

"ನನಗೂ."

"ನಿನಗೂ ಭಯ ಅಂದ್ರೆ ನಡಿ ಮತ್ತೆ, ಆಸ್ಪತ್ರೆ ಮುಚ್ಚಿಬಿಡ್ತಾರೆ. ಸುಮ್ನೆ ನಿಂತ್ಕೊಂಡು ಏನು ನೋಡ್ತಿದೀಯ? ಒಳ್ಳೇ ಕಾಲಿಗಾದ್ರೂ ಚಪ್ಪಲಿ ಕೊಡು."